ಆಧಾರ್ ತೋರಿಸಿದರೆ ಮುಗಿಯುವ ಮಾತಲ್ಲ

ಕಲಬುರಗಿಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಬರೆದ ಪತ್ರದ ಸಾರ ಇಷ್ಟು: ಅವರ ಬಡಾವಣೆಯ ಹಿಂದೆ ವಸತಿ ಸಮುಚ್ಚಯವೊಂದರ ಕಾಮಗಾರಿ ನಡೆದಿದ್ದು, ಅಲ್ಲಿನ ತಗಡಿನ ಶೆಡ್ಡುಗಳಲ್ಲಿ ಬಂಗಾಳಿ ಮಾತನಾಡುವ ಕೂಲಿಕಾರರಿದ್ದಾರೆ. ಅವರು ಬಾಂಗ್ಲಾದೇಶದವರಿರಬಹುದೆಂಬ ಸಂಶಯದಿಂದ ಒಂದು ರಾತ್ರಿ ಪೊಲೀಸರು ಬಂದು ಎಲ್ಲರನ್ನೂ ಎಬ್ಬಿಸಿ ಸಾಲಾಗಿ ನಿಲ್ಲಿಸಿದರು, ಗುರುತಿನ ಚೀಟಿಗಳ ಫೋಟೊ ತೆಗೆದುಕೊಂಡರು, ಮೂವರನ್ನು ಠಾಣೆಗೆ ಒಯ್ದು ಮರುದಿನ ಸಂಜೆ ಬಿಟ್ಟರು. ಇದನ್ನು ನಮ್ಮ ಪತ್ರಿಕೆ ಟೀಕಿಸಿದ್ದು ಅವರಿಗೆ ಹಿಡಿಸಿಲ್ಲ. “ಅನುಮತಿಯಿಲ್ಲದೆ ಬಂದ ವಿದೇಶಿಯನ್ನು ಹೊರಗೆ ಕಳಿಸುವ ಅಧಿಕಾರ ಸರಕಾರಕ್ಕಿಲ್ಲವೇ? ತಪ್ಪು ಮಾಡದವರಿಗೆ ಆಧಾರ್ ತೋರಿಸಲು ಏನು ತೊಂದರೆ? ಅಮೆರಿಕದಲ್ಲಿರುವ ನನ್ನ ಮಗ ಕಾಗದಪತ್ರ ಇಟ್ಟುಕೊಂಡೇ ಓಡಾಡುತ್ತಾನೆ. ನಿಮ್ಮ ನಾಗರಿಕ ಹಕ್ಕು ದೇಶಕ್ಕಿಂತ ದೊಡ್ಡದೇ?” ಎಂದು ಕೇಳಿದ್ದಾರೆ.

ಸಂಪಾದಕರ ಉತ್ತರ:

ಮಾನ್ಯ ಗುರುಗಳೇ,

ಇಷ್ಟು ದುಂಡಗಿನ ಅಕ್ಷರದ ಪತ್ರ ನಮ್ಮ ಕಚೇರಿಗೆ ಬರುವುದು ಈಗ ಅಪರೂಪ. ಹಾಗಾಗಿ ಉತ್ತರ ಉದ್ದವಾದರೆ ತಾವು ಸಹಿಸಿಕೊಳ್ಳಬೇಕು.

ಅನುಮತಿಯಿಲ್ಲದೆ ಒಳಬಂದ ವಿದೇಶಿಯನ್ನು ಹೊರಗೆ ಕಳಿಸುವ ಅಧಿಕಾರ ಸರಕಾರಕ್ಕಿದೆ ಎಂಬ ತಮ್ಮ ಮಾತು ಸರಿ. ಸುಪ್ರೀಂ ಕೋರ್ಟ್ 1955ರಲ್ಲಿಯೇ ಅದನ್ನು ಒಪ್ಪಿದೆ. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ, ತಾನು ವಿದೇಶಿಯಲ್ಲ ಎಂದು ಸಾಬೀತುಪಡಿಸುವ ಹೊರೆಯನ್ನು 1946ರ ಕಾಯ್ದೆಯಂತೆಯೇ ಸಂಶಯಕ್ಕೊಳಗಾದವನ ಹೆಗಲಿಗೇ ಹೊರಿಸಿದೆ. ಇದರಲ್ಲಿ ತಮ್ಮೊಡನೆ ನನಗೆ ಜಗಳವಿಲ್ಲ.

ಜಗಳವಿರುವುದು ಸಂಶಯ ಹುಟ್ಟುವ ಬಗೆಯಲ್ಲಿ. ಅಸ್ಸಾಮಿನ ಟ್ರಿಬ್ಯೂನಲ್ 2012ರಲ್ಲಿ ವಿದೇಶಿಯೆಂದು ಘೋಷಿಸಿದ್ದ ಒಬ್ಬರನ್ನು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಭಾರತೀಯರೆಂದು ಸಾರಿತು. ದಾರಿಯಲ್ಲಿ ಸಿಕ್ಕ ಯಾರದೋ ಮನೆಯ ಬಾಗಿಲು ಬಡಿದು ‘ನೀನು ವಿದೇಶಿ ಎಂಬ ಅನುಮಾನವಿದೆ, ಅಲ್ಲವೆಂದು ತೋರಿಸು’ ಎನ್ನುವಂತಿಲ್ಲ, ಮೊದಲು ಅಧಿಕಾರಿಗಳ ಕೈಯಲ್ಲಿ ಏನಾದರೂ ಆಧಾರವಿರಬೇಕು ಎಂಬುದು ಆ ತೀರ್ಪಿನ ಹುರುಳು. ಹೆಸರಿನ ಕಾಗುಣಿತ, ಇಸವಿಗಳ ಸಣ್ಣಪುಟ್ಟ ವ್ಯತ್ಯಾಸದ ಮೇಲೆ ಒಬ್ಬನ ಪೌರತ್ವವನ್ನು ಅಳಿಸಲಾಗದು ಎಂದೂ ಅದು ಹೇಳಿತು. ತಮ್ಮ ಬಡಾವಣೆಯ ಶೆಡ್ಡುಗಳ ಮುಂದೆ ಆ ರಾತ್ರಿ ಪೊಲೀಸರ ಕೈಯಲ್ಲಿದ್ದ ಆಧಾರ ಯಾವುದು? ತಮ್ಮ ಪತ್ರದ ಪ್ರಕಾರವೇ, ಆ ಕೂಲಿಕಾರರ ಬಂಗಾಳಿ ಮಾತು.

ಇನ್ನು ಆಧಾರ್ ಕಾರ್ಡಿನ ಸಂಗತಿ. ಆಧಾರ್ ಸಂಖ್ಯೆ ಪೌರತ್ವಕ್ಕೆ ಪುರಾವೆಯಲ್ಲವೆಂದು 2016ರ ಆಧಾರ್ ಕಾಯ್ದೆಯ 9ನೆಯ ಕಲಮೇ ಹೇಳುತ್ತದೆ. ಅಂದಮೇಲೆ ಪೊಲೀಸರಿಗೆ ಮನಸ್ಸಿದ್ದರೆ ತೋರಿಸಿದ ಮೇಲೂ ‘ಇದು ಸಾಲದು’ ಎನ್ನಬಹುದು, ಮನಸ್ಸಿಲ್ಲದಿದ್ದರೆ ಬಿಡಬಹುದು. ಹಾಗಾದರೆ ಸಾಲುವ ಕಾಗದ ಯಾವುದು? ಜನನ ಪ್ರಮಾಣಪತ್ರವೇ? ತಮ್ಮ ಶಾಲೆಯ ದಾಖಲಾತಿ ರಿಜಿಸ್ಟರನ್ನು ಒಮ್ಮೆ ನೆನಪಿಸಿಕೊಳ್ಳಿ. ಜೂನ್ ತಿಂಗಳಲ್ಲಿ ಅಪ್ಪನ ಧೋತರದ ಚುಂಗು ಹಿಡಿದು ಬಂದ ಹುಡುಗನ ಹುಟ್ಟಿದ ದಿನ ಮನೆಯವರಿಗೆ ನೆನಪಿರದಿದ್ದಾಗ, ಕಿವಿ ಮುಟ್ಟುತ್ತದೆಯೇ ಎಂದು ಕೈ ಎತ್ತಿಸಿ ನೋಡಿ, ‘ಜೂನ್ 1’ ಎಂದು ಬರೆದುಕೊಂಡವರು ಈ ಜಿಲ್ಲೆಯ ಮಾಸ್ತರರೇ ಅಲ್ಲವೇ? ಆ ದಯೆಯಿಂದ ಶಾಲೆ ಕಲಿತವರು ನಮ್ಮಲ್ಲಿ ಎಷ್ಟೋ ಜನ. ಬಂಗಾಳದ ಬೀರಭೂಮ್, ಮುರ್ಶಿದಾಬಾದ್ ಜಿಲ್ಲೆಗಳಲ್ಲಿಯೂ ಅಂಥ ಮಾಸ್ತರರು ಇದ್ದಾರೆಂದು ತಿಳಿಯಿರಿ.

ಬೀರಭೂಮ್ ಎಂದಾಗ 2025ರ ಸುದ್ದಿ ನೆನಪಾಗುತ್ತದೆ. ಆ ಜಿಲ್ಲೆಯ ಗರ್ಭಿಣಿಯೊಬ್ಬರನ್ನು ದೆಹಲಿಯಲ್ಲಿ ಹಿಡಿದು, ಮನೆಯವರೊಡನೆ ಬಾಂಗ್ಲಾದೇಶದ ಗಡಿಯಾಚೆ ದಾಟಿಸಲಾಯಿತು. ಕಲ್ಕತ್ತಾ ಹೈಕೋರ್ಟ್ ಸೆಪ್ಟೆಂಬರಿನಲ್ಲಿ ಆ ಕ್ರಮವನ್ನು ರದ್ದು ಮಾಡಿ ಅವರನ್ನು ಕರೆತರಲು ಆದೇಶಿಸಿತು. ಆ ಗರ್ಭಿಣಿ ಮರಳಿ ಭಾರತದ ನೆಲ ಮೆಟ್ಟಿದ್ದು ಡಿಸೆಂಬರಿನಲ್ಲಿ, ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋದ ಮೇಲೆ. ಕಾಗದ ತೋರಿಸಲು ಅವರಿಗೆ ಸಿಕ್ಕ ಸಮಯವೆಷ್ಟು, ತೋರಿಸಿದ್ದನ್ನು ನೋಡಿದವರು ಯಾರು ಎಂದು ವಿಚಾರಿಸಿದರೆ ‘ಏನು ತೊಂದರೆ’ ಎಂಬ ತಮ್ಮ ಪ್ರಶ್ನೆಗೆ ಉತ್ತರ ಸಿಕ್ಕೀತು.

ಅಷ್ಟು ದೂರ ಹೋಗುವುದೂ ಬೇಡ. 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದೇಶಿಗಳ’ ಗುಡಿಸಲುಗಳೆಂದು ನೂರಾರು ಸೂರುಗಳನ್ನು ಜೆಸಿಬಿ ತಂದು ಕೆಡವಿದರು. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದಿಂದ ಗುಳೆ ಹೋದವರೂ ಇದ್ದರು. ವಿಷಯ ಹೈಕೋರ್ಟಿಗೆ ಹೋಯಿತು. ಕನ್ನಡ ಮಾತನಾಡುವವರನ್ನು ಕರ್ನಾಟಕದ ರಾಜಧಾನಿಯಲ್ಲಿಯೇ ಪರದೇಶಿಗಳೆಂದು ಒಕ್ಕಲೆಬ್ಬಿಸಿದ ಆ ದಿನ ನಮ್ಮ ಕಡೆಯ ಎಷ್ಟು ಜನ ಸಿಟ್ಟಿಗೆದ್ದರು? ಸುರಪುರ, ಶಹಾಪುರ, ಆಳಂದ, ಔರಾದ್ ಕಡೆಯ ಹಳ್ಳಿಗಳು ಸುಗ್ಗಿ ಮುಗಿಯುತ್ತಲೇ ಬಾಗಿಲಿಗೆ ಬೀಗ ಜಡಿದು ಮುಂಬಯಿ, ಪುಣೆ, ಹೈದರಾಬಾದಿನ ಶೆಡ್ಡುಗಳಿಗೆ ಹೋಗುತ್ತವೆ. ಅಲ್ಲಿಯೂ ರಾತ್ರಿ ಟಾರ್ಚ್ ಬಿಟ್ಟು ಎಬ್ಬಿಸುವವರು ಇದ್ದೇ ಇರುತ್ತಾರೆ.

ತಮ್ಮ ಮಗನ ಮಾತೆತ್ತಿದ್ದೀರಿ, ಅವರು ಸುಖವಾಗಿರಲಿ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು, ಅವರಲ್ಲಿ ಹಲವರ ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿ, ಅಮೃತಸರದಲ್ಲಿ ಇಳಿಸಿದಾಗ ದೇಶವೆಲ್ಲ ನೊಂದಿತು. ಅವರು ಅಲ್ಲಿನ ಕಾನೂನು ಮೀರಿದ್ದರು ಎಂಬ ಕಾರಣಕ್ಕೆ ಆ ನೋವು ಸುಳ್ಳಾಗಲಿಲ್ಲ. ಮೈಬಣ್ಣ, ಮಾತಿನ ಧಾಟಿ, ನಿಂತ ಜಾಗ, ಮಾಡುವ ಕೆಲಸ, ಇಷ್ಟನ್ನೇ ನೋಡಿ ಯಾರನ್ನೂ ತಡೆಯಬಾರದೆಂದು ಲಾಸ್ ಏಂಜಲೀಸಿನಲ್ಲಿ ಕೆಳ ನ್ಯಾಯಾಲಯವೊಂದು ಕೊಟ್ಟ ಆದೇಶಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 8ರಂದು ತಡೆ ನೀಡಿತು. ಬಣ್ಣ ಮತ್ತು ಧಾಟಿ ತಮ್ಮ ಮಗನಿಗೂ ಇವೆ, ಗುರುಗಳೇ.

ಠಾಣೆಗೆ ಒಯ್ದ ಮೂವರ ಬಗ್ಗೆ ತಾವು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ಮುಖ್ಯವಾಗಿ ಕಂಡದ್ದು ಆ ಸಾಲೇ. ಅವರನ್ನು ಬಂಧಿಸಿದ್ದೇ ಆದರೆ, 1996ರ ಡಿ.ಕೆ. ಬಸು ತೀರ್ಪಿನಂತೆ ಬಂಧನದ ಪತ್ರ ಬರೆದು, ಸಾಕ್ಷಿಯ ರುಜು ಹಾಕಿಸಿ, ಬಂಧುಗಳಿಗೆ ತಿಳಿಸಬೇಕಿತ್ತು, ಹಿಡಿಯಲು ಬಂದವರ ಅಂಗಿಯ ಮೇಲೆ ಹೆಸರಿನ ಪಟ್ಟಿ ಇರಬೇಕಿತ್ತು. ಬಂಧಿಸಿಲ್ಲ ಎನ್ನುವುದಾದರೆ ರಾತ್ರಿಯಿಂದ ಮರುದಿನ ಸಂಜೆಯವರೆಗೆ ಅವರನ್ನು ಕೂಡಿಸಿಕೊಂಡದ್ದು ಯಾವ ಕಾನೂನಿನ ಬಲದಿಂದ? ‘ಸುಮ್ಮನೆ ವಿಚಾರಣೆಗೆ’ ಎಂಬ ಉತ್ತರವನ್ನು ನಾವು ಎಷ್ಟು ಕೇಳಿದ್ದೇವೆಂದರೆ, ಅದು ಉತ್ತರವಲ್ಲ ಎಂಬುದೇ ಮರೆತುಹೋಗಿದೆ. ಸಂವಿಧಾನದ 21ನೆಯ ವಿಧಿಯ ರಕ್ಷಣೆ ವಿದೇಶಿಯರಿಗೂ ಇದೆ. ಆ ಮೂವರು ನಾಳೆ ಬಾಂಗ್ಲಾದವರೆಂದೇ ಗೊತ್ತಾದರೂ ಈ ಪ್ರಶ್ನೆ ಉಳಿಯುತ್ತದೆ.

ಕಾಗದದ ಕಷ್ಟ ಕಲ್ಯಾಣ ಕರ್ನಾಟಕದವರಿಗೆ ಬೇರೆಯವರು ಹೇಳಿಕೊಡಬೇಕೇ? ಈ ಭಾಗದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಅರ್ಹತಾ ಪ್ರಮಾಣಪತ್ರಕ್ಕಾಗಿ, ನಾವು ಇಲ್ಲಿಯವರೇ ಎಂದು ತೋರಿಸಲು ಸಹಾಯಕ ಆಯುಕ್ತರ ಕಚೇರಿಯಲ್ಲಿ ಸಾಲು ನಿಂತವರು ನಾವು. ವ್ಯಾಸಂಗ ಪ್ರಮಾಣಪತ್ರದಲ್ಲಿ ಶರಣಪ್ಪ, ರೇಷನ್ ಕಾರ್ಡಿನಲ್ಲಿ ಶರಣಬಸಪ್ಪ, ಅಜ್ಜನ ಕಾಲದ ಹೊಲದ ಕಾಗದ ಉರ್ದುವಿನಲ್ಲಿ, ಅದನ್ನು ಓದಬಲ್ಲ ಮುದುಕರು ಊರಿಗೆ ಒಬ್ಬರೋ ಇಬ್ಬರೋ. ಅದು ಹಗಲಿನ ಸಾಲು, ಕುರ್ಚಿಯಲ್ಲಿದ್ದವರು ಕನ್ನಡ ಬಲ್ಲವರು, ಇವತ್ತು ಆಗದಿದ್ದರೆ ಮುಂದಿನ ಸೋಮವಾರ ಬರಬಹುದಿತ್ತು. ಆದರೂ ಎಷ್ಟು ಬೈದುಕೊಂಡೆವು!

ಕೊನೆಗೆ, ನನ್ನ ನಿಜವಾದ ಸಿಟ್ಟು ಪೊಲೀಸರ ಮೇಲೂ ಅಲ್ಲ. ಹೊರರಾಜ್ಯದಿಂದ ಕೂಲಿಕಾರರನ್ನು ತರುವ ಗುತ್ತಿಗೆದಾರನು ಪ್ರತಿಯೊಬ್ಬರಿಗೂ ಫೋಟೊ ಅಂಟಿಸಿದ ಪಾಸ್‌ಬುಕ್ ಕೊಡಬೇಕು, ಅದರಲ್ಲಿ ಕೆಲಸದ ಜಾಗ, ಅವಧಿ, ಕೂಲಿಯ ದರ ಬರೆಯಬೇಕು, ಅವರ ವಿವರವನ್ನು ಸರಕಾರಕ್ಕೆ ಸಲ್ಲಿಸಬೇಕು ಎಂದು ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ 1979ರಲ್ಲಿಯೇ ಹೇಳಿತ್ತು. ಆ ಪಾಸ್‌ಬುಕ್ಕನ್ನು ಕಣ್ಣಿನಿಂದ ಕಂಡ ಕೂಲಿಕಾರ ನನಗಂತೂ ಈವರೆಗೆ ಸಿಕ್ಕಿಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದು ಆ ಕಾಯ್ದೆಯೂ ಹಳೆಯದಾಯಿತು. ನಾಲ್ಕು ದಶಕ ಯಾವ ಗುತ್ತಿಗೆದಾರನನ್ನೂ ನಿದ್ದೆಯಿಂದ ಎಬ್ಬಿಸಿ ಪುಸ್ತಕ ತೋರಿಸು ಎನ್ನದ ಆಡಳಿತ, ಅವನು ತಂದಿಟ್ಟ ಜನರನ್ನು ಮಾತ್ರ ಎಬ್ಬಿಸುತ್ತದೆ.

ತಮಗೊಂದು ಕೆಲಸ ಹೇಳಲೇ? ಆ ಸಮುಚ್ಚಯದ ಗುತ್ತಿಗೆದಾರರು ಕೂಲಿಕಾರರ ವಿವರ ಕೊಟ್ಟಿದ್ದಾರೆಯೇ ಎಂದು ಕಾರ್ಮಿಕ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ತಮ್ಮ ಪತ್ರ ಅದರ ನಾಲ್ಕು ಪಟ್ಟು ಇತ್ತು, ತುಸು ಕೈ ಬಿಗಿ ಹಿಡಿಯಬೇಕಾದೀತು. ಉತ್ತರ ಬಂದರೆ ಕಳಿಸಿಕೊಡಿ, ಒಂದಕ್ಷರ ಬಿಡದೆ ಅಚ್ಚು ಹಾಕುತ್ತೇವೆ.

– ಸಂ.