ಮನೆಯಲ್ಲಿ ಕೇಕ್ ಮಾಡಲು ಎಂಥ ಹ್ಯಾಂಡ್ ಮಿಕ್ಸರ್ ತಗೊಳ್ಳಲಿ? ಎಷ್ಟು ವ್ಯಾಟ್ ಇರಬೇಕು?

ನೀವು ಕೇಳಿದ್ದು ಎರಡು ವಿಷಯ. ವಾರಕ್ಕೊಂದು ಕೇಕ್ ಮಾಡುತ್ತೀರಿ, ಕೈಯಲ್ಲೇ ತಿರುವಿ ತಿರುವಿ ರಟ್ಟೆ ನೋಯುತ್ತಿದೆ, 150 ವ್ಯಾಟ್ ಸಾಕಾ 300 ಬೇಕಾ ಅಂತ ಒಂದು. ಸ್ವಲ್ಪ ದುಡ್ಡು ಕೂಡಿಟ್ಟು, ಬಟ್ಟಲು ಸಮೇತ ಕಟ್ಟೆಯ ಮೇಲೆ ತಾನೇ ನಿಲ್ಲುವ ಸ್ಟ್ಯಾಂಡ್ ಮಿಕ್ಸರನ್ನೇ ತಗೊಂಡುಬಿಡಲಾ ಅಂತ ಇನ್ನೊಂದು. ನಾನು ಬಸವನಗುಡಿಯ ಒಂದು ಸಣ್ಣ ಅಡುಗೆಮನೆಯಲ್ಲಿ ಒಂಬತ್ತು ವರ್ಷದಿಂದ ಕೇಕ್ ಮಾಡುತ್ತಿದ್ದೇನೆ. ಮಾರುವುದಕ್ಕಲ್ಲ, ಮನೆಗೆ, ನೆಂಟರಿಗೆ, ಮೇಲಿನ ಮನೆ ಹುಡುಗನ ಹುಟ್ಟಿದ ಹಬ್ಬಕ್ಕೆ. ಇಷ್ಟರಲ್ಲಿ ಮೂರು ಮಿಷನ್ ಬಂದು ಎರಡು ಹೋಗಿವೆ. ಹೋದ ಎರಡರ ಕಥೆಯನ್ನೂ ಹೇಳುತ್ತೇನೆ, ಅದರಲ್ಲೇ ಅರ್ಧ ಉತ್ತರ ಇದೆ.

ವ್ಯಾಟ್ ಆಮೇಲೆ. ಯಾವ ಕೇಕ್ ಮಾಡುತ್ತೀರಿ ಅಂತ ನೀವು ಬರೆದೇ ಇಲ್ಲ. ಮೊಸರು, ಎಣ್ಣೆ, ಸೋಡಾ ಹಾಕಿ ಮಾಡುವ ಮೊಟ್ಟೆ ಇಲ್ಲದ ಕೇಕ್ ಆದರೆ ಮಿಷನ್ನೇ ಬೇಡ. ಅಲ್ಲಿ ಕೇಕನ್ನು ಉಬ್ಬಿಸುವುದು ಮೊಸರಿನ ಹುಳಿ ಮತ್ತು ಸೋಡಾ, ನಿಮ್ಮ ರಟ್ಟೆ ಅಲ್ಲ. ಮೈದಾ ಬಿದ್ದ ಮೇಲೆ ಜಾಸ್ತಿ ತಿರುವಿದಷ್ಟೂ ಹಿಟ್ಟಿಗೆ ಜಿಗುಟು ಬರುತ್ತದೆ, ಕೇಕ್ ರಬ್ಬರಿನ ಹಾಗೆ ಆಗುತ್ತದೆ. ಗಂಟು ಹೋಗುವಷ್ಟು ಕಲಸಿದರೆ ಮುಗಿಯಿತು, ಒಂದು ತಂತಿ ವಿಸ್ಕ್ ಸಾಕು. ಇಷ್ಟು ದಿನ ಈ ಕೇಕಿಗೇ ರಟ್ಟೆ ನೋಯಿಸಿಕೊಂಡಿದ್ದರೆ, ಸುಮ್ನೆ ನೋಯಿಸಿಕೊಂಡಿದ್ದೀರಿ.

ಮಿಷನ್ ನಿಜವಾಗಿ ಬೇಕಾಗುವುದು ಗಾಳಿ ತುಂಬುವ ಕೆಲಸಕ್ಕೆ. ಬೆಣ್ಣೆ ಸಕ್ಕರೆ ಬೆಳ್ಳಗೆ ಹಗುರ ಆಗುವ ತನಕ ತಿರುವುವುದು, ಕ್ರೀಮ್ ಗಟ್ಟಿ ಮಾಡುವುದು, ಮತ್ತೆ ಮೊಟ್ಟೆ. ಬೆಣ್ಣೆಯಿಲ್ಲದ ಸ್ಪಂಜ್ ಕೇಕಿಗೆ ಇಡೀ ಮೊಟ್ಟೆ, ಸಕ್ಕರೆ ಎರಡನ್ನೂ ಸೇರಿಸಿ ಮೂರು ಪಟ್ಟು ಉಬ್ಬುವ ತನಕ ಹೊಡೆಯಬೇಕು. ಬೀಟರ್ ಎತ್ತಿದರೆ ರಿಬ್ಬನ್ನಿನ ಹಾಗೆ ಬಿದ್ದು, ಬಿದ್ದ ಗೆರೆ ಒಂದೆರಡು ಕ್ಷಣ ಮೇಲೆಯೇ ನಿಲ್ಲಬೇಕು. ಮಿಷನ್ನಿನಲ್ಲಿ ಎಂಟು ಹತ್ತು ನಿಮಿಷದ ಕೆಲಸ. ಕೈಯಲ್ಲಿ ಒಂದೇ ಸಲ ಮಾಡಿ ನೋಡಿದ್ದೇನೆ, ಮರುದಿನ ಬಾಚಣಿಗೆ ಹಿಡಿಯಲೂ ಆಗಲಿಲ್ಲ.

ಈಗ ವ್ಯಾಟ್. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವ ವ್ಯಾಟ್, ಮಿಷನ್ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವುದರ ಲೆಕ್ಕ. ಎಷ್ಟು ಚೆನ್ನಾಗಿ ಕಲಸುತ್ತದೆ ಅನ್ನುವುದರ ಲೆಕ್ಕ ಅಲ್ಲ. ಕ್ರೀಮಿಗೆ, ಮೊಟ್ಟೆಗೆ 150 ವ್ಯಾಟ್ ಕೂಡ ನಡೆಯುತ್ತದೆ. ಬೆಣ್ಣೆ, ಕುಕೀಸ್ ಹಿಟ್ಟು ಎಲ್ಲ ಇದ್ದರೆ 250ರಿಂದ 300 ಇರಲಿ. ಇಷ್ಟೇ, ಇದಕ್ಕಿಂತ ತಲೆ ಕೆಡಿಸಿಕೊಳ್ಳುವ ವಿಷಯ ಅಲ್ಲ ಅದು.

ತಲೆ ಕೆಡಿಸಿಕೊಳ್ಳಬೇಕಾದದ್ದು ಒಂದನೇ ಸ್ಪೀಡ್ ಬಗ್ಗೆ. ಎಲ್ಲರೂ ಕೊನೆಯ ಸ್ಪೀಡ್ ಎಷ್ಟು ಜೋರು ಅಂತ ನೋಡುತ್ತಾರೆ, ಮೊದಲನೆಯದು ಎಷ್ಟು ನಿಧಾನ ಅಂತ ಯಾರೂ ನೋಡುವುದಿಲ್ಲ. ನನ್ನ ಮೊದಲ ಮಿಷನ್ ಚಿಕ್ಕಪೇಟೆ ಕಡೆಯ ಒಂದು ಅಂಗಡಿಯಿಂದ ತಂದ, ಹೆಸರಿಲ್ಲದ ಬಿಳಿ ಮಿಷನ್. ಏಳು ಸ್ಪೀಡ್ ಅಂತ ಬರೆದಿತ್ತು. ಒಂದಕ್ಕೆ ಹಾಕಿದರೇ ಕೆಂಪೇಗೌಡ ಏರ್‌ಪೋರ್ಟಿನಿಂದ ವಿಮಾನ ಏಳುವ ಸದ್ದು. ಒಂದಕ್ಕೂ ಐದಕ್ಕೂ ಕಿವಿಗೆ ಏನೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಬೆಣ್ಣೆಗೆ ಐಸಿಂಗ್ ಶುಗರ್ ಹಾಕಿ ಆನ್ ಮಾಡಿದೆ ನೋಡಿ, ಒಲೆ, ಗೋಡೆ, ದೇವರ ಕ್ಯಾಲೆಂಡರ್, ನನ್ನ ಹುಬ್ಬು, ಎಲ್ಲಕ್ಕೂ ಸುಣ್ಣ ಹೊಡೆದ ಹಾಗೆ ಆಯಿತು. ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡಿ ಏನೂ ಹೇಳದೆ ವಾಪಸ್ ಹೋದರು. ಬೈದಿದ್ದರೇ ವಾಸಿ ಇತ್ತು.

ಆದ್ದರಿಂದ ಅಂಗಡಿಗೆ ಹೋಗಿಯೇ ತಗೊಳ್ಳಿ, ಪ್ಲಗ್ ಹಾಕಿಸಿ. ಒಂದಕ್ಕೆ ಇಟ್ಟಾಗ ತಿರುಗುವ ಬೀಟರಿನ ತಂತಿಗಳು ಬೇರೆಬೇರೆಯಾಗಿ ಕಣ್ಣಿಗೆ ಕಾಣುವಷ್ಟು ನಿಧಾನ ಇದ್ದರೆ ಒಳ್ಳೆಯದು. ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಸದ್ದು ಮೆಟ್ಟಿಲು ಹತ್ತಿದ ಹಾಗೆ ಏರಬೇಕು. ಹಾಗೆ ಏರಿದರೆ ಮೂರು ಸ್ಪೀಡೂ ಸಾಕು. ಕೈಯಲ್ಲಿ ಎತ್ತಿ ಒಂದೆರಡು ನಿಮಿಷ ಹಿಡಿದುಕೊಂಡೇ ನಿಲ್ಲಿ, ಅಂಗಡಿಯವನು ಏನಂದುಕೊಂಡರೂ ಪರವಾಗಿಲ್ಲ. ಒಂದು ಕೆಜಿ ಆಸುಪಾಸಿನ ಮಿಷನ್ ಅಲ್ಲಿ ಹಗುರ ಅನ್ನಿಸುತ್ತದೆ, ಎಂಟನೇ ನಿಮಿಷಕ್ಕೆ ಮನೆಯಲ್ಲಿ ಗೊತ್ತಾಗುತ್ತದೆ. ನಿಮಗೆ ರಟ್ಟೆ ನೋವು ಬೇರೆ ಇದೆ ಅಲ್ವಾ.

ಎರಡನೆಯ ಮಿಷನ್ನಿನದು ಇದಕ್ಕಿಂತ ದೊಡ್ಡ ಕಥೆ. ನಾದಿನಿ ಅಮೆರಿಕದಿಂದ ಬರುವಾಗ ಪ್ರೀತಿಯಿಂದ ಒಂದು ಚೆಂದದ ಕೆಂಪು ಹ್ಯಾಂಡ್ ಮಿಕ್ಸರ್ ತಂದುಕೊಟ್ಟರು. ಬೆಂಗಳೂರಿನಲ್ಲಿ ಯಾರ ಮನೆಯಲ್ಲಿ ಅಮೆರಿಕದವರಿಲ್ಲ ಹೇಳಿ, ಹಾಗಾಗಿ ಇದು ನಿಮಗೂ ಬಂದೀತು ಅಂತ ಬರೆಯುತ್ತಿದ್ದೇನೆ. ಅಲ್ಲಿ ಕರೆಂಟ್ 120 ವೋಲ್ಟ್, ನಮ್ಮಲ್ಲಿ 230. ನಾನು ಒಂದು ಅಡಾಪ್ಟರ್ ಸಿಕ್ಕಿಸಿ ಹಾಕಿದೆ. ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆ ಅಷ್ಟೇ, ವೋಲ್ಟೇಜ್ ಬದಲಿಸುವುದಿಲ್ಲ ಅನ್ನುವುದು ಆಗ ಹೊಳೆಯಲೇ ಇಲ್ಲ. ಫೋನ್ ಚಾರ್ಜರ್ ನಡೆಯುತ್ತಲ್ಲ, ಇದೂ ನಡೆಯುತ್ತದೆ ಅಂದುಕೊಂಡೆ. ಚಾರ್ಜರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ, ಇದರ ಮೇಲೆ ಬರೀ 120 ಇತ್ತು. ಕಿರ್ರ್ ಅಂತ ಒಂದು ಸಲ ಕೂಗಿ, ಸುಟ್ಟ ವಾಸನೆ ಬಂದು, ನಿಂತೇ ಹೋಯಿತು. ಆ ಮಿಷನ್ನಿನ ತಪ್ಪೇನೂ ಇಲ್ಲ ಪಾಪ. ಅಲ್ಲಿಂದ ಬಂದದ್ದನ್ನು ಬಳಸಲೇಬೇಕು ಅಂದರೆ ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಮಿಷನ್ನಿನ ವ್ಯಾಟಿಗಿಂತ ಜಾಸ್ತಿ ತಡೆಯುವಂಥದ್ದು. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಕೇಳಿದರೆ ಸಿಗುತ್ತದೆ. ಆದರೆ ಮಿಕ್ಸರಿಗಿಂತ ಭಾರದ ಆ ಡಬ್ಬವನ್ನು ಕಟ್ಟೆಯ ಮೇಲೆ ಇಟ್ಟುಕೊಂಡು ಕೇಕ್ ಮಾಡುವ ಕರ್ಮ ಯಾರಿಗೆ ಬೇಕು. ನಾದಿನಿಗೆ ಮಾತ್ರ ಇವತ್ತಿಗೂ "ಚೆನ್ನಾಗಿದೆ ಕಣಮ್ಮ" ಅಂತಲೇ ಹೇಳುತ್ತಿದ್ದೇನೆ.

ಹಿಟ್ಟು ನಾದುವ ಹುಕ್ ಜೊತೆಯಲ್ಲಿ ಬರುತ್ತದೆ, ಅದನ್ನು ನೋಡಿ ಬ್ರೆಡ್, ಚಪಾತಿ ಹಿಟ್ಟು ಎಲ್ಲ ಇದರಲ್ಲೇ ಅಂತ ಆಸೆ ಪಡಬೇಡಿ. ಹೆಚ್ಚಿನ ಮನೆ ಮಿಷನ್ನುಗಳ ಕೈಪಿಡಿಯಲ್ಲಿ ಒಂದೇ ಸಮ ಎಷ್ಟು ನಿಮಿಷ ಓಡಿಸಬಹುದು ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ, ನನ್ನದರಲ್ಲಿ 5 ನಿಮಿಷ. ಗಟ್ಟಿ ಹಿಟ್ಟಿನಲ್ಲಿ ಎರಡು ನಿಮಿಷಕ್ಕೇ ಹಿಡಿಕೆ ಬಿಸಿ ಆಗುತ್ತದೆ, ಒಳಗಿನ ಗಿಯರ್ ಎಷ್ಟೋ ಮಿಷನ್ನುಗಳಲ್ಲಿ ಪ್ಲಾಸ್ಟಿಕ್. ಸ್ಪಂಜಿಗೆ ಹೊಡೆಯುವಾಗಲೂ ನಾನು ಮಧ್ಯೆ ನಿಲ್ಲಿಸಿ, ಅಷ್ಟರಲ್ಲಿ ಮೈದಾ ಜರಡಿ ಹಿಡಿಯುತ್ತೇನೆ. ಇನ್ನೊಂದು, ಎರಡು ಹುಕ್ ಒಂದೇ ಥರ ಕಂಡರೂ ಒಂದರ ಕಡ್ಡಿಗೆ ಬಳೆಯಂಥದ್ದು ಇದ್ದರೆ ಅದಕ್ಕೆ ಬೇರೆ ತೂತು. ಅದಲುಬದಲು ಮಾಡಿ ಒತ್ತಬೇಡಿ.

ಕ್ರೀಮ್ ವಿಷಯದಲ್ಲಿ ಮಿಷನ್ನನ್ನು ಬೈಯುವ ಮೊದಲು ಪ್ಯಾಕೆಟ್ ತಿರುಗಿಸಿ ನೋಡಿ. ಪಲ್ಯಕ್ಕೆ, ಗ್ರೇವಿಗೆ ಹಾಕುವ 25 ಪರ್ಸೆಂಟ್ ಕೊಬ್ಬಿನ ಕ್ರೀಮನ್ನು 300 ವ್ಯಾಟ್ ಅಲ್ಲ, ಮೂರು ಸಾವಿರ ವ್ಯಾಟಿನಲ್ಲಿ ಹೊಡೆದರೂ ಕೇಕಿನ ಮೇಲೆ ನಿಲ್ಲುವಷ್ಟು ಗಟ್ಟಿ ಆಗುವುದಿಲ್ಲ. 35 ಪರ್ಸೆಂಟ್ ಹತ್ತಿರ ಇರುವ ವಿಪ್ಪಿಂಗ್ ಕ್ರೀಮ್ ಬೇಕು. ಬಟ್ಟಲು, ಬೀಟರ್ ಎರಡನ್ನೂ ಫ್ರಿಡ್ಜಿನಲ್ಲಿ ಇಟ್ಟು ತೆಗೆಯಿರಿ, ಏಪ್ರಿಲ್ ತಿಂಗಳಲ್ಲಂತೂ ಬಟ್ಟಲ ಕೆಳಗೆ ಐಸ್ ನೀರು ಇರಲಿ. ಹದ ಬಂದ ಮೇಲೆ ಅರ್ಧ ನಿಮಿಷ ಜಾಸ್ತಿ ಓಡಿಸಿದರೆ ತರಿ ತರಿ ಆಗಿ, ಆಮೇಲೆ ಬೆಣ್ಣೆ ಬೇರೆ ಮಜ್ಜಿಗೆ ಬೇರೆ. ಅಜ್ಜಿ ಕಡೆಗೋಲಿನಲ್ಲಿ ಮಾಡುತ್ತಿದ್ದದ್ದೂ ಇದನ್ನೇ, ಅವರು ಬೇಕಂತ ಮಾಡುತ್ತಿದ್ದರು ಅಷ್ಟೇ. ನಿಧಾನ ಸ್ಪೀಡ್ ಬೇಕು ಅಂತ ನಾನು ಇಷ್ಟು ಹಟ ಹಿಡಿಯುವುದು ಈ ಕೊನೆಯ ಅರ್ಧ ನಿಮಿಷಕ್ಕೂ ಹೌದು.

ಹೊಡೆಯುತ್ತಿರುವಾಗ ಕರೆಂಟ್ ಹೋದರೆ? ನಮ್ಮ ಕಡೆ ಹೋಗುತ್ತದೆ, ಅದರಲ್ಲೂ ಮೇ ತಿಂಗಳ ಸಂಜೆ ಮಳೆ ಶುರುವಾದರೆ. ಹಲವರ ಮನೆಯಲ್ಲಿ ಯುಪಿಎಸ್ ಲೈನ್ ಲೈಟು ಫ್ಯಾನಿಗೆ ಮಾತ್ರ, ಅಡುಗೆಮನೆಯ ಪ್ಲಗ್ಗಿಗೆ ಇರುವುದಿಲ್ಲ. ನಮ್ಮ ಮನೆಯಲ್ಲಿ ಹಾಲ್‌ನ ಟಿವಿ ಪ್ಲಗ್ಗಿಗೂ ಯುಪಿಎಸ್ ಇದೆ, ನಾನು ಅಲ್ಲಿಂದ ಎಕ್ಸ್‌ಟೆನ್ಷನ್ ಎಳೆದು ಮುಗಿಸಿದ್ದಿದೆ.

ಸ್ಟ್ಯಾಂಡ್ ಮಿಕ್ಸರ್ ಬಗ್ಗೆ: ವಾರಕ್ಕೊಂದು ಕೇಕಿಗೆ ಬೇಡ. ವಾರಕ್ಕೆ ನಾಲ್ಕೈದು ಆರ್ಡರ್ ಹಿಡಿಯುವ ಯೋಚನೆ ಇದ್ದರೆ, ಅಥವಾ ಬ್ರೆಡ್ ಮಾಡುವ ಹುಚ್ಚು ಹತ್ತಿದರೆ ತಗೊಳ್ಳಿ. ರಟ್ಟೆ ನೋವು ಡಾಕ್ಟರಿಗೆ ತೋರಿಸುವಷ್ಟು ಇದ್ದರೂ ತಗೊಳ್ಳಿ, ಅದನ್ನು ಹಿಡಿದು ನಿಲ್ಲಬೇಕಾಗಿಲ್ಲ. ಆದರೆ ದೊಡ್ಡ ಬಟ್ಟಲಿನ ಸ್ಟ್ಯಾಂಡ್ ಮಿಕ್ಸರಿನಲ್ಲಿ ಎರಡು ಮೊಟ್ಟೆಯ ಬಿಳಿ ಹಾಕಿದರೆ ಬೀಟರ್ ಅದನ್ನು ಸರಿಯಾಗಿ ಮುಟ್ಟದೇ ಇರಬಹುದು. ಸಣ್ಣ ಅಳತೆಗೆ ಕೈಯ ಮಿಷನ್ನೇ ಚೆನ್ನ.

ಈಗ ನನ್ನ ಹತ್ತಿರ ಇರುವುದು 300 ವ್ಯಾಟಿನ, ಐದು ಸ್ಪೀಡಿನದು, ಎರಡು ಸಾವಿರದ ಆಸುಪಾಸು ಕೊಟ್ಟೆ, ಐದು ವರ್ಷ ಆಯಿತು. ಫಿಲಿಪ್ಸ್, ಬಜಾಜ್, ಇನಾಲ್ಸಾ ಹೀಗೆ ಕೇಳಿ ಗೊತ್ತಿರುವ ಕಂಪನಿಗಳದ್ದು ಸುಮಾರು ಸಿಗುತ್ತವೆ. ನಿಮ್ಮ ಏರಿಯಾದಲ್ಲಿ ಯಾವುದರ ಸರ್ವೀಸ್ ಸೆಂಟರ್ ಹತ್ತಿರ ಇದೆಯೋ, ಬೀಟರ್ ಬಿಡಿಯಾಗಿ ಯಾವುದಕ್ಕೆ ಸಿಗುತ್ತದೋ, ಅದನ್ನೇ ತಗೊಳ್ಳಿ. ತಂದ ದಿನವೇ ಎರಡು ಮೊಟ್ಟೆಯ ಬಿಳಿ ಹಾಕಿ ಹೊಡೆದು ನೋಡಿ. ಎಣ್ಣೆ ಜಿಡ್ಡು ಇಲ್ಲದ ಸ್ಟೀಲ್ ಪಾತ್ರೆ ಇರಲಿ, ಪ್ಲಾಸ್ಟಿಕ್ ಬೇಡ, ಜಿಡ್ಡು ಇದ್ದರೆ ನೊರೆ ಏಳುವುದಿಲ್ಲ. ಐದು ನಿಮಿಷದಲ್ಲಿ ಪಾತ್ರೆ ಬೋರಲು ಹಾಕಿದರೂ ಬೀಳದಷ್ಟು ಗಟ್ಟಿ ಆಗಬೇಕು. ಆಗಲಿಲ್ಲ, ಅಥವಾ ಸುಟ್ಟ ವಾಸನೆ ಬಂತು ಅಂದರೆ ಬಿಲ್ ತಗೊಂಡು ಮರುದಿನವೇ ಅಂಗಡಿಗೆ ಹೋಗಿ. ಡಬ್ಬ ಮಾತ್ರ ಅಲ್ಲಿವರೆಗೆ ಎಸೆಯಬೇಡಿ, ಡಬ್ಬ ಇಲ್ಲದೆ ಹೋದರೆ ಮಾತೇ ಕೇಳುವುದಿಲ್ಲ.