ರಿಮ್ಯಾಂಡ್ ಹೋಂ ಹುಡುಗರಿಗಾಗಿ 3 ಲಕ್ಷ ಕೂಡಿಸಿದ್ದೇವೆ, ಯಾವುದಕ್ಕೆ ಖರ್ಚು ಮಾಡಬೇಕು?

ಆಫೀಸಿನ ಗೆಳೆಯರೆಲ್ಲ ಸೇರಿ 3 ಲಕ್ಷ ಕೂಡಿಸಿದ್ದೀರಿ. ಬೆಂಗಳೂರಿನ ವೀಕ್ಷಣಾಲಯದ ಹುಡುಗರಿಗೆ ಮೆಂಟರ್‌ಗಳನ್ನು ಜೋಡಿಸಬೇಕು ಅಂತಿದ್ದೀರಿ, ದುಡ್ಡು ಯಾವುದಕ್ಕೆ ಹಾಕಬೇಕು ಎಂದು ಕೇಳಿದ್ದೀರಿ. ಆರು ವರ್ಷದಿಂದ ವಾರಕ್ಕೊಮ್ಮೆ ಇಂಥ ಹುಡುಗರ ಜೊತೆ ಕೂತು ಬಂದಿದ್ದೇನೆ. ನನ್ನ ಉತ್ತರ ಒಂದೇ: ಹುಡುಗ ಗೇಟಿನಿಂದ ಆಚೆ ಬಂದ ಮೇಲಿನ ತಿಂಗಳುಗಳಿಗೆ ಹಾಕಿ.

ವೀಕ್ಷಣಾಲಯ ಅಂದರೆ ನಾವು ರಿಮ್ಯಾಂಡ್ ಹೋಂ ಅನ್ನುವುದೇ, ಅಪರಾಧದ ಆರೋಪ ಇರುವ ಮಕ್ಕಳನ್ನು ವಿಚಾರಣೆ ನಡೆಯುವಾಗ ಇರಿಸುವ ಜಾಗ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಜಾಮೀನು ಕೊಡುವುದೇ ನಿಯಮ, ನಿರಾಕರಿಸಲು ಅವರ ಕೇಸು ನೋಡುವ ಬಾಲ ನ್ಯಾಯ ಮಂಡಳಿ ಕಾರಣ ಬರೆಯಬೇಕು. ಹಾಗಾಗಿ ಎಷ್ಟೋ ಹುಡುಗರು ಬೇಗ ಹೊರಡುತ್ತಾರೆ. ಅವನು ಮುಖ ಎತ್ತಿ ನಿಮ್ಮ ಜೊತೆ ಮಾತಾಡಲು ಶುರು ಮಾಡುವ ಹೊತ್ತಿಗೆ, ಮುಂದಿನ ಶನಿವಾರ ಅವನ ಚಾಪೆ ಖಾಲಿ.

ಮೊದಲ ವರ್ಷ ನಮಗೆ ಇದು ಹೊಳೆಯಲೇ ಇಲ್ಲ. ಬಂದ ದುಡ್ಡಿನಲ್ಲಿ ಕೇರಂ ಬೋರ್ಡು, ಬ್ಯಾಗು, ಗೋಡೆಗೆ ಬಣ್ಣ. ಆಗ ಹದಿನಾರರ ಒಬ್ಬ ಹುಡುಗ ಹೊರಡುವ ದಿನ ನನ್ನ ನಂಬರು ಕೇಳಿದ. ಫೋನಿಲ್ಲ, ಚೀಟಿ ಕೊಟ್ಟರೆ ಕಳೆದುಹೋಗುತ್ತೆ ಎಂದ. ಹತ್ತು ಅಂಕಿಯನ್ನು ಮಗ್ಗಿ ಹೇಳಿದ ಹಾಗೆ ಹೇಳಿಕೊಳ್ಳುತ್ತಾ ಅಮ್ಮನ ಹಿಂದೆ ಬಸ್‌ಸ್ಟಾಪಿಗೆ ನಡೆದ. ಎರಡು ತಿಂಗಳ ಮೇಲೆ ಯಾರದೋ ಫೋನಿಂದ ಕರೆ ಬಂತು. "ಅಕ್ಕಾ, ಐಟಿಐಗೆ ಸೇರ್ಬೇಕು, ಟಿಸಿ ಬೇಕಂತೆ. ಹಳೇ ಸ್ಕೂಲಿಗೆ ಒಬ್ನೇ ಹೋಗೋಕೆ ಭಯ ಆಗತ್ತೆ."

ಬೇಕಿದ್ದದ್ದು ಬಸ್ ಚಾರ್ಜು ಮತ್ತು ಒಂದು ದಿನದ ರಜೆ. ನಮ್ಮ ಲೆಕ್ಕದಲ್ಲಿ ಅದಕ್ಕೆ ಒಂದು ರೂಪಾಯಿಯೂ ಉಳಿದಿರಲಿಲ್ಲ. ಕೈಯಿಂದ ಹಾಕಿಕೊಂಡು ಹೋದೆ. ಹೆಡ್‌ಮಾಸ್ಟರ್ ರೂಮಿನ ಹೊರಗೆ ಬೆಂಚಿನ ಮೇಲೆ ಮೂರು ಗಂಟೆ ಕೂತಿದ್ದೆವು. ಒಳಗಿದ್ದಾಗ ಬಾಯೇ ಬಿಡದಿದ್ದವನು ಅಲ್ಲಿ ಅಪ್ಪನ ಕುಡಿತದ ಬಗ್ಗೆ, ತಂಗಿಯ ಬಗ್ಗೆ ಹೇಳಿದ. ಮೆಂಟರ್ ಕೆಲಸ ಅಂದರೆ ಇದೇ ಅಂತ ನನಗೆ ಗೊತ್ತಾಗಿದ್ದು ಆ ಬೆಂಚಿನ ಮೇಲೆ.

ಈಗ ನಿಮ್ಮ 3 ಲಕ್ಷ. ಹತ್ತೇ ಹುಡುಗರನ್ನು ತೆಗೆದುಕೊಳ್ಳಿ, ಜಾಸ್ತಿ ಬೇಡ. ಒಬ್ಬೊಬ್ಬನಿಗೆ ತಿಂಗಳಿಗೆ 1,000 ರೂಪಾಯಿ: ಬಸ್ಸು, ಮೊಬೈಲ್ ರೀಚಾರ್ಜು, ಜೆರಾಕ್ಸು, ಜೊತೆಗೆ ಕೂತು ತಿನ್ನುವ ಒಂದು ಮಸಾಲೆ ದೋಸೆ. ವರ್ಷಕ್ಕೆ 1.2 ಲಕ್ಷ ಆಯಿತು. ಉಳಿದ 1.8 ಲಕ್ಷವನ್ನು ಅರ್ಧ ದಿನ ಕೆಲಸ ಮಾಡುವ ಒಬ್ಬ ಕೋಆರ್ಡಿನೇಟರ್‌ಗೆ ಸಂಬಳವಾಗಿ ಕೊಡಿ, ತಿಂಗಳಿಗೆ 15,000. ದಯವಿಟ್ಟು ಇದನ್ನು ಉಳಿಸಲು ಹೋಗಬೇಡಿ. ಮೆಂಟರ್‌ಗಳು ನಿಮ್ಮ ಹಾಗೆ ಕೆಲಸಕ್ಕೆ ಹೋಗುವವರು, ಒಂದು ವಾರ ತಪ್ಪಿಸುತ್ತಾರೆ. ಆಗ ಹುಡುಗನಿಗೆ ಫೋನು ಮಾಡುವವರು ಒಬ್ಬರು ಇರಲೇಬೇಕು.

ಮುಂದೆ ನಿಮ್ಮ ಕಂಪನಿಯ ಸಿಎಸ್‌ಆರ್ ದುಡ್ಡು (ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ಹಣ) ಕೇಳಿದರೆ "ಸಂಬಳಕ್ಕೆ ಐದು ಪರ್ಸೆಂಟ್ ಮೇಲೆ ಕೊಡೋಕಾಗಲ್ಲ" ಅನ್ನಬಹುದು. ಅದು ತಪ್ಪು ತಿಳಿವಳಿಕೆ. ಆ ಮಿತಿ ಇರುವುದು ಸಿಎಸ್‌ಆರ್ ನೋಡಿಕೊಳ್ಳಲು ಕಂಪನಿ ತನ್ನೊಳಗೆ ಮಾಡುವ ಆಡಳಿತ ಖರ್ಚಿಗೆ. ಕಾರ್ಯಕ್ರಮ ನಡೆಸುವವರ ಸಂಬಳ ಅದರಲ್ಲಿ ಬರುವುದಿಲ್ಲ. 2021ರಲ್ಲಿ ತಿದ್ದಿದ ನಿಯಮದಲ್ಲೇ ಇದು ಸ್ಪಷ್ಟವಾಗಿದೆ, ಪ್ರಿಂಟ್ ತೆಗೆದು ತೋರಿಸಿ.

ಫೋಟೋನೂ ಕೇಳುತ್ತಾರೆ. ಕೊಡಬೇಡಿ. ಹುಡುಗನ ಗುರುತು ಸಿಗುವ ಹೆಸರು, ಚಿತ್ರ ಪ್ರಕಟಿಸಿದರೆ ಬಾಲ ನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಅಥವಾ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಕಾನೂನು ಹಾಗಿರಲಿ, ನಾಳೆ ಅವನು ಕೆಲಸ ಕೇಳಿಕೊಂಡು ಹೋಗಬೇಕು ಅಲ್ವಾ?

ಒಳಗೆ ಹೋಗಲು ಅನುಮತಿ ಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಿಂದ ಶುರು ಮಾಡಿ. ನೀವೇ ಟ್ರಸ್ಟ್ ಕಟ್ಟುವ ಬದಲು, ಅಲ್ಲಿ ಈಗಾಗಲೇ ಕೆಲಸ ಮಾಡುತ್ತಿರುವ ಸಂಸ್ಥೆಯ ಜೊತೆ ಸೇರಿಕೊಳ್ಳಿ. ಇನ್ನೊಂದು ವಿಷಯ: ಸಂಸ್ಥೆಯಲ್ಲಿದ್ದು 18 ತುಂಬಿ ಹೊರಡುವವರಿಗೆ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ತಿಂಗಳಿಗೆ 4,000 ರೂಪಾಯಿ ನೆರವು ಇದೆ, 21 ವರ್ಷದವರೆಗೆ. ಅರ್ಹರು ಇದ್ದರೆ ಅರ್ಜಿ ಹಾಕಿಸಿ, ನಿಮ್ಮ ದುಡ್ಡು ಇನ್ನೊಬ್ಬ ಹುಡುಗನಿಗೆ ಆಗುತ್ತದೆ.

ಮೆಂಟರ್ ಆಗಲು ಬರುವವರಿಂದ ಒಂದು ಮಾತು ತೆಗೆದುಕೊಳ್ಳಿ. ಕನಿಷ್ಠ ಎರಡು ವರ್ಷ ಫೋನ್ ನಂಬರು ಬದಲಾಯಿಸಬಾರದು, ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಎತ್ತಬೇಕು.