ಓದುಗರ ಪ್ರಶ್ನೆ: ದೋಚಿದ ಚಿತ್ರಗಳ ಲೆಕ್ಕ ಇಟ್ಟ ರೋಸ್ ವಲಾಂ

ಪ್ರಶ್ನೆ: ಪ್ಯಾರಿಸ್‌ನಲ್ಲಿ ನಾಜಿಗಳು ದೋಚಿದ ಚಿತ್ರಗಳ ಲೆಕ್ಕವನ್ನು ಅವರ ಕಣ್ಣೆದುರೇ ಒಬ್ಬ ಮಹಿಳೆ ಇಟ್ಟಿದ್ದರಂತೆ. ಸಿಕ್ಕಿಬೀಳದೆ ಅದು ಹೇಗೆ ಸಾಧ್ಯವಾಯಿತು? (ಓದುಗರು, ಧಾರವಾಡ)

ಉತ್ತರ: ಅವರು ರೋಸ್ ವಲಾಂ. 1932ರಿಂದ ಝೂ ದ ಪೋಮ್ ಮ್ಯೂಸಿಯಂನಲ್ಲಿ ವರ್ಷಗಟ್ಟಲೆ ಸಂಬಳವಿಲ್ಲದೆ ದುಡಿದವರು. 1940ರ ಕೊನೆಗೆ ಜರ್ಮನ್ನರು ಯಹೂದಿ ಮನೆತನಗಳಿಂದ ಕಿತ್ತುಕೊಂಡ ಕಲಾಕೃತಿಗಳಿಗೆ ಆ ಕಟ್ಟಡವನ್ನೇ ಗೋದಾಮು ಮಾಡಿಕೊಂಡರು. ಏನೇ ಆದರೂ ಅಲ್ಲೇ ಉಳಿಯಬೇಕೆಂದು ಮ್ಯೂಸಿಯಂಗಳ ಮುಖ್ಯಸ್ಥ ಝಾಕ್ ಝೋಝಾರ್ ಆಕೆಗೆ ಹೇಳಿದ್ದರು. ಆಕೆಗೆ ಜರ್ಮನ್ ಅರ್ಥವಾಗುತ್ತದೆಂದು ಅಧಿಕಾರಿಗಳಿಗೆ ಗೊತ್ತಿರಲಿಲ್ಲ. ಎಲ್ಲವನ್ನೂ ಎದುರಿಗೇ ಮಾತಾಡುತ್ತಿದ್ದರು.

ಟೈಪ್ ಮಾಡಿದ ಪಟ್ಟಿಗಳ ಅಕ್ಷರ ಮೂಡಿದ ಕಾರ್ಬನ್ ಹಾಳೆಗಳು ಕಸದ ಬುಟ್ಟಿಗೆ ಬೀಳುತ್ತಿದ್ದವು. ಆಕೆ ಅವನ್ನು ಎತ್ತಿಟ್ಟುಕೊಳ್ಳುತ್ತಿದ್ದರು. ಫೋಟೊ ನೆಗೆಟಿವ್‌ಗಳನ್ನು ರಾತ್ರಿ ಹೊರಗೊಯ್ದು ಪ್ರಿಂಟ್ ಹಾಕಿಸಿ, ಬೆಳಗ್ಗೆ ಇದ್ದ ಜಾಗದಲ್ಲೇ ಇಡುತ್ತಿದ್ದರು. ಯಾರ ಮನೆಯದು, ಯಾವ ಪೆಟ್ಟಿಗೆ, ಯಾವ ಊರಿಗೆ ಎಂಬ ಮೂರನ್ನೂ ಬರೆದುಕೊಳ್ಳುತ್ತಿದ್ದರು. ಹಿಟ್ಲರನ ಪಾಲಿನ ಪೆಟ್ಟಿಗೆಗಳಿಗೆ 'ಎಚ್' ಎಂದು ಗುರುತಿರುತ್ತಿತ್ತು. ಡಚ್ ಚಿತ್ರಕಾರ ವರ್ಮೀರ್‌ನ 'ಖಗೋಳಜ್ಞ' ಚಿತ್ರ ಹೋದದ್ದು ಎಚ್ 13ರಲ್ಲಿ. ಹಲವು ಸಲ ಹೊರಹಾಕಿದರೂ ಮತ್ತೆ ಒಳಸೇರಿದರು. ಸಿಕ್ಕಿಬಿದ್ದಿದ್ದರೆ ಪ್ರಾಣವೇ ಹೋಗುತ್ತಿತ್ತು.

1944ರ ಆಗಸ್ಟ್‌ನಲ್ಲಿ 148 ಪೆಟ್ಟಿಗೆಗಳು ರೈಲಿಗೇರಿದ ಸುದ್ದಿಯನ್ನೂ ಮುಟ್ಟಿಸಿದವರು ಆಕೆಯೇ. ರೈಲ್ವೆ ನೌಕರರು ಏನೇನೋ ಅಡ್ಡಿ ತಂದು ಗಾಡಿ ಮುಂದೆ ಹೋಗದಂತೆ ನೋಡಿಕೊಂಡರು. ಕೊನೆಗೆ ಅದು ಪ್ಯಾರಿಸ್‌ನ ಹೊರವಲಯದಲ್ಲೇ ಫ್ರೆಂಚ್ ಸೇನೆಯ ವಶವಾಯಿತು.

ಪ್ರಶ್ನೆ: ಯುದ್ಧ ಮುಗಿದ ಮೇಲೆ ಎಲ್ಲವೂ ಮಾಲೀಕರಿಗೆ ಸಿಕ್ಕಿತೇ? (ಓದುಗರು, ಮೈಸೂರು)

ಉತ್ತರ: ಇಲ್ಲ. ಆಕೆ ಅಮೆರಿಕದ ಅಧಿಕಾರಿ ಜೇಮ್ಸ್ ರೋರಿಮರ್ ಅವರಿಗೆ ಕೊಟ್ಟ ಮಾಹಿತಿ ಬವೇರಿಯಾದ ನಾಯ್‌ಶ್ವಾನ್‌ಸ್ಟೈನ್ ಕೋಟೆಗೆ ದಾರಿ ತೋರಿಸಿತು. ಅಲ್ಲಿ ಕಲಾಕೃತಿಗಳ ಜೊತೆಗೆ ದೋಚಿದವರ ದಾಖಲೆಗಳೂ ಸಿಕ್ಕವು. ಬಳಿಕ ಆಕೆ ಫ್ರೆಂಚ್ ಸೇನೆಯಲ್ಲಿ ಕ್ಯಾಪ್ಟನ್ ಆಗಿ ಜರ್ಮನಿಯಲ್ಲಿ ವರ್ಷಗಟ್ಟಲೆ ಹುಡುಕಾಟ ನಡೆಸಿದರು. ಫ್ರಾನ್ಸಿಗೆ ಮರಳಿದ ಸುಮಾರು 60,000 ವಸ್ತುಗಳಲ್ಲಿ ಸುಮಾರು 45,000 ವಾರಸುದಾರರನ್ನು ತಲುಪಿದವು. ಉಳಿದವುಗಳಲ್ಲಿ ಬಹುಪಾಲನ್ನು ಸರ್ಕಾರ ಮಾರಿತು. ಸುಮಾರು 2,000 ಮಾತ್ರ ಮ್ಯೂಸಿಯಂಗಳ ಸುಪರ್ದಿಗೆ ಬಂದವು. ದೊಡ್ಡ ಸಂಗ್ರಹಗಳಿಗೆ ಪಟ್ಟಿ, ಫೋಟೊ ಇದ್ದವು. ಸಾಮಾನ್ಯ ಮನೆಯ ಗೋಡೆಯಿಂದ ಕಿತ್ತ ಚಿಕ್ಕ ಚಿತ್ರಕ್ಕೆ ಏನೂ ಇರಲಿಲ್ಲ, ಕೇಳಬೇಕಾದ ಕುಟುಂಬವೇ ಎಷ್ಟೋ ಕಡೆ ಬದುಕುಳಿದಿರಲಿಲ್ಲ. ಈ ಅನ್ಯಾಯ ಇಂದಿಗೂ ಪೂರ್ತಿ ಸರಿಹೋಗಿಲ್ಲ.

ಪ್ರಶ್ನೆ: ನಮ್ಮೂರ ಗುಡಿಯ ಹಳೆಯ ಲೋಹದ ಮೂರ್ತಿಗಳಿಗೂ ಇಂಥ ದಾಖಲೆ ಮಾಡಿಡಬಹುದೇ? (ಓದುಗರು, ಸಾಗರ)

ಉತ್ತರ: ಖಂಡಿತ ಮಾಡಿ. ಅಲಂಕಾರ, ಕವಚ ಇರುವ ಫೋಟೊ ಈ ಕೆಲಸಕ್ಕೆ ಬರುವುದಿಲ್ಲ. ಅರ್ಚಕರ ಒಪ್ಪಿಗೆ ಪಡೆದು, ಅವನ್ನು ತೆಗೆಸಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಮುಂದೆ, ಹಿಂದೆ, ಎರಡು ಬದಿ, ಪೀಠ ಎಂದು ಐದು ಫೋಟೊ ತೆಗೆಯಿರಿ. ಎತ್ತರ, ಅಗಲ, ದಪ್ಪ ಸೆಂಟಿಮೀಟರಿನಲ್ಲಿರಲಿ. ತೂಗಲು ಸಾಧ್ಯವಾದರೆ ತೂಕವನ್ನೂ ಬರೆಯಿರಿ. ಬರಹವಿದ್ದರೆ ಅಕ್ಷರ ಬಿಡದೆ ನಕಲು ಮಾಡಿ. ಮುರಿದ ಬೆರಳು, ಬೆಸುಗೆ, ಎರಕದ ತೂತುಗಳನ್ನು ಹತ್ತಿರದಿಂದ ತೆಗೆಯಿರಿ, ಮೂರ್ತಿಯನ್ನು ನಕಲಿನಿಂದ ಬೇರೆ ಮಾಡಿ ತೋರಿಸುವುದು ಇವೇ. ಹೊಳಪಿಗೆಂದು ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಸಣ್ಣ ಗುರುತುಗಳು ಸವೆಯುತ್ತವೆ. ತಮಿಳುನಾಡಿನ ಶ್ರೀಪುರಂದಾನ್‌ನಿಂದ ಕಳುವಾದ ನಟರಾಜ 2014ರಲ್ಲಿ ಆಸ್ಟ್ರೇಲಿಯಾದಿಂದ ಮರಳಿ ಬಂದಾಗ, ಪುದುಚೇರಿಯ ಫ್ರೆಂಚ್ ಸಂಸ್ಥೆಯ ಹಳೆಯ ಫೋಟೊಗಳೇ ದೊಡ್ಡ ಸಾಕ್ಷಿಯಾಗಿದ್ದವು. ಒಂದು ಪ್ರತಿ ಗುಡಿಯಲ್ಲಿರಲಿ, ಇನ್ನೊಂದನ್ನು ಬೇರೆ ಊರಲ್ಲಿ ನಂಬಿಕಸ್ಥರ ಬಳಿ ಇಡಿ.